ತಾಯಿಹಾಲಿನಿಂದ ಕುಸುರೆಯವರೆಗೆ: ಕೊಡಗಿನ ಆನೆಮರಿಗಳ ಪೋಷಣೆಯ ಚರಿತ್ರೆ

ಹಾಲು ಕುಡಿಯುವ ಕುದುರೆಮರಿಯ ಆಹಾರವನ್ನು ಅಳತೆ ಸಮೇತ ಗೊತ್ತುಪಡಿಸಿದ ಭಾರತದ ಹಳೆಯ ಗ್ರಂಥಗಳಲ್ಲಿ ಕೌಟಿಲ್ಯನ ಅರ್ಥಶಾಸ್ತ್ರ ಪ್ರಮುಖವಾದುದು. ಮೈಸೂರಿನ ಪ್ರಾಚ್ಯ ಗ್ರಂಥಾಲಯಕ್ಕೆ ಬಂದಿದ್ದ ಓಲೆಗರಿ ಪ್ರತಿಯನ್ನು ಪರಿಶೀಲಿಸಿ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಅದನ್ನು ಮುದ್ರಿಸಿದ ಮೇಲೆ ಈ ವಿವರಗಳು ಲೋಕಕ್ಕೆ ತಿಳಿದವು. ಈದ ಕುದುರೆಗೆ ಮೊದಲ ಮೂರು ರಾತ್ರಿ ತುಪ್ಪ, ಅನಂತರದ ಹತ್ತು ರಾತ್ರಿ ಹಿಟ್ಟು ಮತ್ತು ಜಿಡ್ಡು ಬೆರೆಸಿದ ಔಷಧ ಕೊಡಬೇಕೆಂದು ಹೇಳುವ ಆ ಗ್ರಂಥ, ಹತ್ತು ದಿನ ತುಂಬಿದ ಮರಿಗೆ ಒಂದು ಕುಡುಬ, ಅಂದರೆ ಪ್ರಸ್ಥವೆಂಬ ಅಳತೆಯ ಕಾಲುಭಾಗದಷ್ಟು ಹಿಟ್ಟನ್ನು ತುಪ್ಪದೊಡನೆ ಕಲಸಿ, ಒಂದು ಪ್ರಸ್ಥ ಹಾಲಿನ ಜೊತೆಗೆ ಆರು ತಿಂಗಳವರೆಗೆ ಉಣಿಸಬೇಕೆಂದು ವಿಧಿಸುತ್ತದೆ. ಆನೆಯ ವಿಷಯದಲ್ಲಿ ಅದರ ನಿಲುವು ಬೇರೆಯದು. ಮರಿಯನ್ನೂ ಗಬ್ಬದ ಆನೆಯನ್ನೂ ಹಾಲೂಡುವ ಆನೆಯನ್ನೂ ಹಿಡಿಯಲೇಬಾರದೆಂದು ಅದು ಮೊದಲು ನಿಷೇಧಿಸಿ, ವಿನೋದಕ್ಕಾಗಿ ಮರಿಯನ್ನು ಹಿಡಿದದ್ದಾದರೆ ಹಾಲು ಮತ್ತು ಹಸಿಹುಲ್ಲಿನಲ್ಲಿ ಸಾಕಬೇಕೆಂದು ಅಷ್ಟರಲ್ಲೇ ಮುಗಿಸುತ್ತದೆ. ಕುದುರೆಮರಿಗೆ ದೊರೆತ ಅಳತೆಯ ಖಚಿತತೆ ಆನೆಮರಿಗೆ ಅಲ್ಲಿ ದೊರೆಯಲಿಲ್ಲ.

ಕೊಡಗಿನಲ್ಲಿ ಈ ಕೊರತೆಗೆ ವಿಶೇಷವಾದ ಅರ್ಥವಿದೆ. ಟಿಪ್ಪು ಸುಲ್ತಾನನ ಅಶ್ವದಳಕ್ಕಾಗಿ ಕುದುರೆಗಳನ್ನು ಬೆಳೆಸಿದ ಕುಣಿಗಲ್‌ನಂತಹ ಸ್ಥಳಗಳು ಒಣಹವೆಯ ಬಯಲುಸೀಮೆಗೆ ಸೇರಿದವು. ಕಾವೇರಿಯ ಮೇಲ್ಕಣಿವೆಯ ಮಳೆಗಾಡಿನಲ್ಲಿ ಅರಸೊತ್ತಿಗೆಯ ಪ್ರಾಣಿಯೆಂದರೆ ಆನೆಯೇ. 9ನೆಯ ಶತಮಾನದ ಬಿಳಿಯೂರು ಶಾಸನ ಸಾರುವಂತೆ ಕೊಡಗಿನ ಕೆಲವು ಭಾಗಗಳನ್ನು ಆಳಿದ ಗಂಗರ ಲಾಂಛನ ಆನೆಯಾಗಿತ್ತು, ಮತ್ತು ಆ ವಂಶದ ಇಮ್ಮಡಿ ಶಿವಮಾರ ರಚಿಸಿದನೆಂದು ತಿಳಿದುಬರುವ, ಈಗ ಲಭ್ಯವಿಲ್ಲದ, ‘ಗಜಾಷ್ಟಕ’ವು ಕನ್ನಡದ ಅತಿ ಹಳೆಯ ಕೃತಿಗಳ ಸಾಲಿಗೆ ಸೇರುತ್ತದೆ. ಹಾಲೇರಿ ಅರಸರ ಕಾಲವನ್ನು ನೆನಪಿಸುವ ಎರಡು ಗಾರೆಯಾನೆಗಳು ಮಡಿಕೇರಿಯ ಕೋಟೆಯಲ್ಲಿ ಇಂದಿಗೂ ನಿಂತಿವೆ. ಆದರೆ ಅರಮನೆಯ ಗಮನವೆಲ್ಲ ದಂತವಿರುವ ದೊಡ್ಡ ಆನೆಯ ಮೇಲಿದ್ದುದರಿಂದ, ತಾಯಿಯ ಕಾಲ ನಡುವೆ ಓಡಾಡುವ ಮರಿಯ ಊಟದ ವಿಚಾರ ಬರಹಕ್ಕೆ ಇಳಿದುದು ಬಹಳ ತಡವಾಗಿ.

ಆ ಬರಹಗಳಲ್ಲಿ ಮುಖ್ಯವಾದುದು ಜಿ. ಪಿ. ಸ್ಯಾಂಡರ್ಸನ್ 1878ರಲ್ಲಿ ಪ್ರಕಟಿಸಿದ ಗ್ರಂಥ. ಆನೆಗಳ ಹಿಂಡನ್ನೇ ಸುತ್ತುವರಿದು ದೊಡ್ಡಿಗೆ ಅಟ್ಟುವ ಖೆಡ್ಡಾ ಪದ್ಧತಿಯನ್ನು 1874ರಲ್ಲಿ ಚಾಮರಾಜನಗರದ ಬಳಿ ಯಶಸ್ವಿಯಾಗಿ ನಡೆಸಿದ ಈ ಅಧಿಕಾರಿ, ಹುಟ್ಟಿದ ಮರಿ ಭುಜದ ಬಳಿ ಸುಮಾರು 36 ಅಂಗುಲ ಎತ್ತರವಿದ್ದು 200 ಪೌಂಡಿನಷ್ಟು, ಎಂದರೆ 90 ಕಿಲೋಗ್ರಾಂ ತೂಗುತ್ತದೆಂದೂ, ಮೊದಲ ಐದಾರು ತಿಂಗಳು ಹಾಲನ್ನೇ ನಂಬಿದ್ದು ಅನಂತರ ಎಳೆಹುಲ್ಲನ್ನು ಮುಟ್ಟಿದರೂ ಹಾಲೇ ಅದರ ಮುಖ್ಯ ಆಧಾರವಾಗಿ ಮುಂದುವರಿಯುತ್ತದೆಂದೂ ದಾಖಲಿಸಿದ. ಖೆಡ್ಡಾಕ್ಕಿಂತ ಹಳೆಯದಾದ, ಗುಂಡಿ ತೋಡಿ ಮೇಲೆ ಸೊಪ್ಪು ಮುಚ್ಚಿ ಆನೆಯನ್ನು ಕೆಡವುವ ಪದ್ಧತಿಯೊಡನೆ ಇದನ್ನು ಹೋಲಿಸಿದರೆ ಹಾಲಿನ ದೃಷ್ಟಿಯಿಂದ ಒಂದು ಮೂಲಭೂತ ವ್ಯತ್ಯಾಸ ಕಾಣುತ್ತದೆ. ಗುಂಡಿಗೆ ಬಿದ್ದ ಮರಿ ಒಂಟಿಯಾಗುತ್ತಿತ್ತು. ಖೆಡ್ಡಾದಲ್ಲಿ ಹಿಂಡು ಇಡಿಯಾಗಿ ಸೆರೆಯಾಗುತ್ತಿದ್ದುದರಿಂದ ತಾಯಿ ಬದುಕಿದ್ದರೆ ಮರಿಗೆ ಕೆಚ್ಚಲೂ ಉಳಿಯುತ್ತಿತ್ತು. ಖೆಡ್ಡಾ ಕ್ರೂರವಾದ ಕಾರ್ಯಾಚರಣೆಯೆಂಬುದರಲ್ಲಿ ಸಂದೇಹವಿಲ್ಲ. ಆದರೂ ಎಳೆಯ ಮರಿಯ ಪಾಲಿಗೆ ಬಂಧನಕ್ಕಿಂತ ಅಗಲಿಕೆಯೇ ದೊಡ್ಡ ಅಪಾಯವಾಗಿತ್ತೆಂದು ಹೇಳಬೇಕಾಗುತ್ತದೆ.

ಇದರ ಕಾರಣ ಆನೆಯ ಶರೀರರಚನೆಯಲ್ಲಿದೆ. ಹೆಣ್ಣಾನೆಯ ಮೊಲೆಗಳು ಮುಂಗಾಲುಗಳ ನಡುವೆ ಇರುತ್ತವೆ. ಮರಿ ಸೊಂಡಿಲನ್ನು ಪಕ್ಕಕ್ಕೆ ಸರಿಸಿ ಬಾಯಿಂದಲೇ ಹಾಲು ಹೀರುತ್ತದೆ, ಏಕೆಂದರೆ ಸೊಂಡಿಲಿನ ಬಳಕೆಯನ್ನು ಅದು ಕಲಿಯಲು ತಿಂಗಳುಗಳೇ ಬೇಕು. ಆನೆಹಾಲಿನ ಕೊಬ್ಬಿನಲ್ಲಿ ಕ್ಯಾಪ್ರಿಕ್ ಮತ್ತು ಲಾರಿಕ್ ಎಂಬ ಆಮ್ಲಗಳು ಅಧಿಕವಾಗಿದ್ದು, ಮರಿ ಬೆಳೆದಂತೆ ಹಾಲಿನ ಕೊಬ್ಬಿನ ಪ್ರಮಾಣವೂ ಏರುತ್ತ ಹೋಗುತ್ತದೆ. ಹಸುವಿನ ಹಾಲಿನ ಕೊಬ್ಬು ಬೇರೆ ಬಗೆಯದಾದುದರಿಂದ ಅದು ಎಳೆಯ ಮರಿಗೆ ಒಗ್ಗದೆ ಭೇದಿಯಾಗುವುದುಂಟು, ಮತ್ತು ಭೇದಿಯಿಂದ ದೇಹದ ನೀರು ಬತ್ತಿದ ಮರಿ ಉಳಿಯುವುದು ಕಷ್ಟ. ಕುದುರೆಮರಿಗೂ ಆನೆಮರಿಗೂ ಇಲ್ಲಿ ಹತ್ತಿರದ ಸಾಮ್ಯವಿದೆ: ಎರಡೂ ಮೆಲುಕು ಹಾಕದ ಪ್ರಾಣಿಗಳು, ಎರಡರಲ್ಲೂ ನಾರು ಕೊಳೆತು ಜೀರ್ಣವಾಗುವುದು ಹಿಂಗರುಳಿನಲ್ಲಿ, ಮತ್ತು ಎರಡರ ಮರಿಗಳೂ ತಾಯಿಯ ಹಸಿ ಲದ್ದಿಯನ್ನು ತಿಂದು ಹುಲ್ಲನ್ನು ಅರಗಿಸುವ ಸೂಕ್ಷ್ಮಜೀವಿಗಳನ್ನು ತಮ್ಮ ಕರುಳಿಗೆ ತಂದುಕೊಳ್ಳುತ್ತವೆ. ಗಿಣ್ಣುಹಾಲಿನ ಮಹತ್ವ ಕುದುರೆಯಲ್ಲಿ ಇನ್ನೂ ಹೆಚ್ಚು. ಗರ್ಭದಲ್ಲಿ ತಾಯಿಯಿಂದ ರೋಗನಿರೋಧಕ ಅಂಶಗಳನ್ನು ಪಡೆಯಲಾರದ ಆ ಮರಿ, ಹುಟ್ಟಿದ ಮೊದಲ ದಿನದೊಳಗೆ ಗಿಣ್ಣನ್ನು ಕುಡಿಯದಿದ್ದರೆ ಅನಂತರ ಅದರ ಕರುಳು ಆ ಅಂಶಗಳನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ.

ಕೊಡಗಿನ ಗಡಿಗೆ ಹತ್ತಿರದ ಕಾಕನಕೋಟೆಯಲ್ಲಿ 1971ರಲ್ಲಿ ಕೊನೆಯ ಖೆಡ್ಡಾ ನಡೆಯಿತು. ಅಲ್ಲಿ 1968ರಲ್ಲಿ ಸೆರೆಯಾದ ಅರ್ಜುನ, 1987ರಲ್ಲಿ ಕೊಡಗಿನ ಕಟ್ಟೆಪುರದಲ್ಲಿ ಸೆರೆಯಾದ ಬಲರಾಮ ಮೊದಲಾದ ಗಂಡಾನೆಗಳು ದಸರೆಯ ಅಂಬಾರಿ ಹೊತ್ತು ನಾಡಿಗೆಲ್ಲ ಪರಿಚಿತವಾದವು. ಮರಿಗಳ ಚರಿತ್ರೆ ನಡೆದುದು ಮೆರವಣಿಗೆಯಿಂದ ದೂರದಲ್ಲಿ, ಕಾವೇರಿ ದಡದ ದುಬಾರೆ ಮತ್ತು ತಿತಿಮತಿ ಸಮೀಪದ ಮತ್ತಿಗೋಡು ಶಿಬಿರಗಳಲ್ಲಿ. ಮರ ಎಳೆಯುವ ಕೆಲಸಕ್ಕಾಗಿ ಆನೆಗಳನ್ನು ಇರಿಸಿಕೊಂಡಿದ್ದ ಇಂತಹ ಶಿಬಿರಗಳಲ್ಲಿ ರಾತ್ರಿ ಆನೆಯ ಕಾಲಿಗೆ ಸರಪಳಿ ಕಟ್ಟಿ ಕಾಡಿಗೆ ಮೇಯಲು ಬಿಡುವುದು, ಬೆಳಿಗ್ಗೆ ಸರಪಳಿ ಎಳೆದ ಜಾಡು ಹಿಡಿದು ಮರಳಿ ತರುವುದು ವಾಡಿಕೆಯಾಗಿತ್ತು. ಇದರಿಂದ ಹೆಣ್ಣಾನೆಗಳು ಕಾಡಿನ ಸಲಗಗಳೊಡನೆ ಕೂಡುವುದು ಸಾಧ್ಯವಾಗಿ, ಶಿಬಿರದಲ್ಲಿ ಹುಟ್ಟಿದ ಎಷ್ಟೋ ಮರಿಗಳ ತಂದೆ ಕಾಡಾನೆಯೇ ಆಗಿರುತ್ತಿತ್ತು. ಈ ಮೇವಿನ ಸ್ವಾತಂತ್ರ್ಯ ಮರಿಯ ಪೋಷಣೆಗೂ ದೊಡ್ಡ ಆಸರೆಯಾಯಿತು. ಬಿದಿರು, ಹುಲ್ಲು, ಮರದ ತೊಗಟೆಗಳನ್ನು ಮೇಯ್ದ ತಾಯಿಗೆ ಹಾಲು ಕೂಡುತ್ತಿತ್ತು, ಮತ್ತು ಯಾವ ಸೊಪ್ಪನ್ನು ತಿನ್ನಬೇಕೆಂಬುದನ್ನು ಮರಿ ತಾಯಿಯ ಬಾಯಿಗೇ ಸೊಂಡಿಲು ಚಾಚಿ ರುಚಿ ನೋಡಿ ಕಲಿಯುತ್ತಿತ್ತು.

ಈ ಕ್ರಮವನ್ನು ಅರಿತು ನಡೆಸಿದವರು ಆನೆಯ ಮೇಲೆ ಕೂರುವ ಮಾವುತರು ಮತ್ತು ಅದರ ಮೇವು, ಸ್ನಾನ, ಕಾವಲುಗಳನ್ನು ನೋಡಿಕೊಳ್ಳುವ ಕಾವಾಡಿಗಳು. ಇವರಲ್ಲಿ ಹಲವರು ಜೇನುಕುರುಬ ಸಮುದಾಯದವರು. ಅರ್ಥಶಾಸ್ತ್ರ ಬಿಟ್ಟ ಅಳತೆಯನ್ನು ತುಂಬಿದ್ದು ಇವರ ಕೈಯಳತೆ. ಈ ತಿಳಿವಳಿಕೆಗೆ ಇಲಾಖೆಯ ಕಡತಗಳಲ್ಲಿ ಸಿಗಬೇಕಾದಷ್ಟು ಸ್ಥಾನ ಸಿಕ್ಕಿಲ್ಲವೆಂಬುದು ಖೇದದ ಸಂಗತಿ. ಭತ್ತ, ಬೆಲ್ಲ, ತೆಂಗಿನಕಾಯಿಗಳನ್ನು ಹುಲ್ಲಿನಲ್ಲಿ ಸುತ್ತಿ ಕಟ್ಟಿದ ಕುಸುರೆ ಮತ್ತು ಬೇಯಿಸಿದ ರಾಗಿ, ಹುರುಳಿಯ ಮುದ್ದೆಗಳು ದೊಡ್ಡ ಆನೆಯ ಊಟ. ತಾಯಿಯ ಪಕ್ಕದಲ್ಲಿ ನಿಂತ ಮರಿ ಇದರ ಚೂರುಗಳನ್ನು ಕಸಿದು ತಿನ್ನುವುದರಿಂದ ಆರಂಭಿಸಿ, ಎರಡು ಮೂರು ವರ್ಷಗಳಲ್ಲಿ ಹಾಲನ್ನು ಕ್ರಮೇಣ ಕಡಿಮೆ ಮಾಡುತ್ತದೆ. ಕಾಡಿನಲ್ಲಾದರೆ ಮುಂದಿನ ಮರಿ ಹುಟ್ಟುವವರೆಗೂ ಅದು ಹಾಲು ಕುಡಿಯುವುದುಂಟು. ಪಳಗಿಸುವುದಕ್ಕೆಂದು ಮರಿಯನ್ನು ತಾಯಿಯಿಂದ ಬೇರ್ಪಡಿಸುವ ಕಾಲ ಹಾಲು ಬಿಡುವ ಕಾಲದೊಡನೆ ಹೊಂದಿಕೊಳ್ಳಬೇಕಾದುದು ಇದೇ ಕಾರಣಕ್ಕೆ.

ಕಾಡು ಕಾಫಿ ತೋಟಗಳ ನಡುವೆ ಹರಿದು ಹಂಚಿಹೋದ ಮೇಲೆ ಒಂಟಿ ಮರಿಯ ಪ್ರಶ್ನೆ ಹೊಸ ರೂಪದಲ್ಲಿ ಎದುರಾಯಿತು. ತೋಟದ ಕೆರೆಗೋ ಕಂದಕಕ್ಕೋ ಬಿದ್ದ ಮರಿಯನ್ನು ಹಿಂಡಿಗೆ ಮರಳಿ ಸೇರಿಸುವುದೇ ಅರಣ್ಯ ಸಿಬ್ಬಂದಿಯ ಮೊದಲ ಪ್ರಯತ್ನ. ಅದು ಫಲಿಸದಿದ್ದರೆ ಮಾತ್ರ ಬಾಟಲಿಯ ಹಾಲಿನ ಮಾರ್ಗ. ಈ ಮಾರ್ಗದ ಬಹುಮುಖ್ಯ ಅರಿವು ಕೀನ್ಯಾದಿಂದ ಬಂತು. ಹಸುವಿನ ಹಾಲಿನ ಕೊಬ್ಬು ಆನೆಮರಿಗೆ ಆಗದೆಂದು ಕಂಡುಕೊಂಡ ಡ್ಯಾಫ್ನಿ ಶೆಲ್ಡ್ರಿಕ್, ಮಾನವ ಶಿಶುಗಳ ಹಾಲಿನಪುಡಿಗೆ ತೆಂಗಿನೆಣ್ಣೆಯನ್ನು ಬೆರೆಸಿ, 1970ರ ದಶಕದಲ್ಲಿ ನವಜಾತ ಮರಿಯೊಂದನ್ನು ತಿಂಗಳುಗಟ್ಟಲೆ ಉಳಿಸಿಕೊಂಡರು. ಆನೆಹಾಲಿನಲ್ಲಿ ಹೇರಳವಾಗಿರುವ ಲಾರಿಕ್ ಆಮ್ಲ ತೆಂಗಿನಲ್ಲಿಯೂ ಇರುವುದರಿಂದ ಅದು ಫಲಿಸಿತು. ಅಂತಹ ಮರಿಗೆ ಹಗಲು ರಾತ್ರಿಯೆನ್ನದೆ ಸುಮಾರು ಮೂರು ಗಂಟೆಗೊಮ್ಮೆ ಹಾಲು ಬೇಕು, ಶುಚಿಯಾದ ಬಾಟಲಿ ಬೇಕು, ಜೊತೆಗೆ ಯಾವಾಗಲೂ ಒಬ್ಬರು ಇರಬೇಕು. ಹಿಂಡಿನಲ್ಲಿ ತಾಯಿಯೊಡನೆ ಚಿಕ್ಕಮ್ಮಂದಿರೂ ಅಕ್ಕಂದಿರೂ ಹಂಚಿಕೊಳ್ಳುವ ಈ ಹೊಣೆಯನ್ನು ಶಿಬಿರದಲ್ಲಿ ಹೊರುವವರು ಮರಿಯ ಬಳಿಯಲ್ಲೇ ಮಲಗುವ ಕಾವಾಡಿ ಮತ್ತು ಅವನ ಮನೆಯವರು.