ನಂಜನಗೂಡು ಸೀಮೆಯಲ್ಲಿ ಸೀಳುತುಟಿಯ ಶಿಶುವಿನ ಪಾಲನೆ: ಒಂದು ವಿಚಾರ

ನಂಜನಗೂಡಿನ ಶ್ರೀಕಂಠೇಶ್ವರನು ರೋಗಹರನೆಂಬ ಪ್ರತೀತಿ ಹಳೆಯದು. ತನ್ನ ಪಟ್ಟದಾನೆಯ ಕಣ್ಣುಬೇನೆ ವಾಸಿಯಾದುದಕ್ಕಾಗಿ ಟಿಪ್ಪು ಸುಲ್ತಾನನು ಇಲ್ಲಿಗೆ ಪಚ್ಚೆಯ ಲಿಂಗವನ್ನೊಪ್ಪಿಸಿ, ದೇವರನ್ನು 'ಹಕೀಂ ನಂಜುಂಡ'ನೆಂದು ಕರೆದನೆಂಬ ಐತಿಹ್ಯವು ಸರ್ವವಿದಿತವಾದುದು. ಅರಸನ ಆನೆಯ ಬೇನೆ ಐತಿಹ್ಯವನ್ನು ಸೇರಿತು. ಸೀಳುತುಟಿಯ ಕೂಸನ್ನು ಸೆರಗಿನಲ್ಲಿ ಮರೆಮಾಡಿಕೊಂಡು ಬಂದ ತಾಯಿಯ ಚರಿತ್ರೆಯನ್ನಾದರೋ ಜನರ ನಂಬಿಕೆಗಳಲ್ಲಿಯೂ ಮನೆಯ ಪಾತ್ರೆಗಳಲ್ಲಿಯೂ ಅರಸಬೇಕಾಗಿದೆ.

ಗ್ರಹಣಕಾಲದಲ್ಲಿ ಬಸುರಿಯು ಈಳಿಗೆಯನ್ನು ಮುಟ್ಟಿದರೆ ಶಿಶುವಿನ ತುಟಿ ಸೀಳುವುದೆಂಬ ನಂಬಿಕೆ ನಮ್ಮಲ್ಲಿ ರೂಢಮೂಲವಾಗಿದೆ. ಆದರೆ ಗರ್ಭದಲ್ಲಿ ಮೇಲ್ದುಟಿಯು ಸುಮಾರು 7ನೆಯ ವಾರದ ಹೊತ್ತಿಗೂ ಅಂಗುಳು ಸುಮಾರು 12ನೆಯ ವಾರದ ಹೊತ್ತಿಗೂ ಕೂಡಿಕೊಂಡಿರುತ್ತವೆ. 1980ರ ಫೆಬ್ರವರಿ 16ರಂದು ಉತ್ತರ ಕರ್ನಾಟಕದ ಮೇಲೆ ಪೂರ್ಣ ಸೂರ್ಯಗ್ರಹಣದ ನೆರಳು ಹಾಯಿತಷ್ಟೆ. ಆ ದಿನ ಐದಾರು ತಿಂಗಳ ಬಸುರಿಯಾಗಿದ್ದವಳು ಏನನ್ನು ಹೆಚ್ಚಿದರೂ ಆಗಲೇ ಕೂಡಿದ್ದ ತುಟಿ ಮತ್ತೆ ಸೀಳುವ ಸಂಭವವಿರಲಿಲ್ಲ. ಈ ನಂಬಿಕೆಯಿಂದಾದ ಹಾನಿಯೆಂದರೆ ದೋಷವೆಲ್ಲವೂ ತಾಯಿಯ ತಲೆಗೆ ಬಂದುದು. ಸೀಳುತುಟಿಗೆ ಬಹುಮಟ್ಟಿಗೆ ಒಂದೇ ಕಾರಣವನ್ನು ಹೇಳಲಾಗದು. ವಾನ್ ಡರ್ ವೌಡ್ ಲಕ್ಷಣಕೂಟದಲ್ಲಾದರೋ ಅದು ಸ್ಪಷ್ಟವಾಗಿ ಆನುವಂಶಿಕ. ತಂದೆತಾಯಿಗಳಲ್ಲಿ ಯಾರೊಬ್ಬರಿಂದಲಾದರೂ, ಪ್ರತಿ ಮಗುವಿಗೂ ಅರ್ಧಕ್ಕರ್ಧ ಸಂಭವದಿಂದ, ಅದರ ವಂಶವಾಹಿಯು ಇಳಿದುಬರುತ್ತದೆ. ಈ ವಂಶವಾಹಿಯನ್ನು 2002ರಲ್ಲಿ ಗುರುತಿಸಲಾಯಿತು. ಇದನ್ನು ಹೊತ್ತವರಲ್ಲಿ ಕೆಲವರಿಗೆ ಕೆಳದುಟಿಯ ಮೇಲೆ ಎರಡು ಸಣ್ಣ ಕುಳಿಗಳ ಹೊರತು ಬೇರೆ ಕುರುಹಿರುವುದಿಲ್ಲ. ಸೊಸೆಯ ಈಳಿಗೆಯನ್ನು ದೂರಿದ ಅತ್ತೆಯು ತನ್ನ ಮಗನ ತುಟಿಯನ್ನೊಮ್ಮೆ ನೋಡಬಹುದಾಗಿತ್ತು!

ಅಂಗುಳು ಸೀಳಿದ ಶಿಶುವು ಮೊಲೆಯನ್ನು ಚೀಪಲಾರದು. ಕುಡಿದ ಹಾಲು ಮೂಗಿನಿಂದ ಹೊರಬರುತ್ತದೆ. ಇಂತಹ ಕೂಸಿಗೆ ಮೊದಲ ಅಪಾಯ ಹಸಿವೆಯೇ ಹೊರತು ಕುರೂಪವಲ್ಲ. ಇಲ್ಲಿ ಸ್ಮರಣೀಯವಾದುದು ನಮ್ಮ ಮನೆಗಳ ಒಳಲೆ. ಹಿಂಡಿದ ಮೊಲೆಹಾಲನ್ನು ಅದರ ಮೂತಿಯಿಂದ ಸ್ವಲ್ಪಸ್ವಲ್ಪವಾಗಿ ಕೆನ್ನೆಯ ಒಳಬದಿಗೆ ಬಿಡಬಹುದು. ಕೂಸನ್ನು ಅಂಗಾತ ಮಲಗಿಸದೆ, ತಲೆಯನ್ನೆತ್ತಿ ಹಿಡಿಯಬೇಕು. ಇಲ್ಲವಾದರೆ ಹಾಲು ಶ್ವಾಸನಾಳವನ್ನು ಹೊಕ್ಕೀತು. ಇಂದಿನ ವೈದ್ಯರು ಹೇಳುವ ಬಟ್ಟಲು-ಚಮಚದ ಕ್ರಮವೂ ಇದಕ್ಕೆ ದೂರವಾದುದಲ್ಲ.

ತುಟಿಯ ಶಸ್ತ್ರಚಿಕಿತ್ಸೆಯನ್ನು ಸಾಮಾನ್ಯವಾಗಿ 3ರಿಂದ 6 ತಿಂಗಳಲ್ಲಿಯೂ ಅಂಗುಳಿನದನ್ನು 9ರಿಂದ 18 ತಿಂಗಳೊಳಗೂ ಮಾಡುತ್ತಾರೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಈ ವೈಕಲ್ಯವೂ ಸೇರಿದೆ. ಆದರೆ ಹೊಲಿಗೆ ಮಾಯ್ದ ಮಾತ್ರಕ್ಕೆ ಮಾತು ತಿದ್ದುವುದಿಲ್ಲ. ಈ ದೃಷ್ಟಿಯಿಂದ 1965ರಲ್ಲಿ ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯು ಸ್ಥಾಪಿತವಾದುದು ಈ ಸೀಮೆಗೆ ಮಹತ್ತ್ವದ ಸಂಗತಿ. ಅಂಗುಳು ಮುಚ್ಚದಿರುವಾಗ ಉಸಿರು ಮೂಗಿಗೆ ಸೋರುವುದರಿಂದ ಪಕಾರ ಬಕಾರಗಳು ಮಕಾರದಂತಾಗುತ್ತವೆ. ಅಂತಹ ಮಗು 'ಅಪ್ಪ' ಎಂದರೂ ಕೇಳುವವರ ಕಿವಿಗೆ 'ಅಮ್ಮ' ಎಂದಂತಾಗುವುದುಂಟು. ಆ ಒಂದಕ್ಷರದ ಅಭ್ಯಾಸಕ್ಕೆ ತಿಂಗಳುಗಳೇ ಹಿಡಿಯಬಹುದು.