ಗುರಿ ತಪ್ಪದ ಪತ್ತೇದಾರ: ಬೋರನಕಣಿವೆಯ ಸೀಮೆಯಿಂದ ಒಂದು ವಿಚಾರ

ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಬೋರನಕಣಿವೆಯಲ್ಲಿ ಸುವರ್ಣಮುಖಿಗೆ ಕಟ್ಟಿರುವ ಏರಿಯ ಮೇಲೆ ನಿಂತು, ಸುತ್ತಣ ಕುರುಚಲು ಗುಡ್ಡಗಳನ್ನು ನೋಡಿದವರಿಗೆ, ಅಮೆರಿಕದ ಅಲ್ಪವ್ಯಯದ ಕೌಬಾಯ್ ಚಿತ್ರಗಳಲ್ಲಿ ಕುದುರೆಯೇರಿ ಬಂದು ಒಂದೇ ಗುಂಡಿಗೆ ದುಷ್ಟನನ್ನು ಕೆಡಹುವ ಷೆರೀಫನಿಗೆ ಇಂಥ ನೆಲವೇ ಒಪ್ಪುವುದೆಂದು ತೋರದಿರದು. ಆದರೆ ಕನ್ನಡಕ್ಕೆ ಆತನು ದಯಮಾಡಿಸಿದುದು ಸೂಟುಧಾರಿಯಾಗಿ, ಸಿ.ಐ.ಡಿ. 999 ಎಂಬ ಅಂಕಿತದಿಂದ, 1968ರ 'ಜೇಡರ ಬಲೆ'ಯಲ್ಲಿ.

ದೊರೈ–ಭಗವಾನ್ ನಿರ್ದೇಶಕ ಜೋಡಿಯು 1962ರ 'ಡಾಕ್ಟರ್ ನೋ' ಎಂಬ ಜೇಮ್ಸ್ ಬಾಂಡ್ ಚಿತ್ರದ ಪ್ರೇರಣೆಯಿಂದ ಈ ಕಾರ್ಯಕ್ಕೆ ಕೈಯಿಕ್ಕಿತೆಂಬುದು ಪ್ರಸಿದ್ಧವಾದ ಸಂಗತಿ. 'ಜೇಡರ ಬಲೆ'ಯ ವರ್ಷವೇ 'ಗೋವಾದಲ್ಲಿ ಸಿ.ಐ.ಡಿ. 999', ಮರುವರ್ಷ 'ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿ.ಐ.ಡಿ. 999' ತೆರೆಗೆ ಬಂದುವು. ಬಾಂಡ್ ಚಿತ್ರಗಳಿಗಿದ್ದ ದ್ರವ್ಯಬಲವು ಅಂದಿನ ಕನ್ನಡ ಚಿತ್ರರಂಗಕ್ಕೆಲ್ಲಿಯದು? ಆದುದರಿಂದ ಪಿಸ್ತೂಲು ಹಿಡಿದ ಕೈ ಒಂದು ತುಣುಕಿನಲ್ಲಿ, ಉರುಳುವ ದೇಹ ಮತ್ತೊಂದರಲ್ಲಿ. ನಡುವಣ ಗುಂಡಿನ ಪಥವನ್ನು ಸಂಕಲನಕಾರನ ಕತ್ತರಿಯೂ ಜಿ. ಕೆ. ವೆಂಕಟೇಶರ ವಾದ್ಯವೃಂದವೂ ಕೂಡಿ ಪ್ರೇಕ್ಷಕನ ಮನಸ್ಸಿನಲ್ಲಿ ಬರೆದುವು.

ಈ ಗುರಿಕಾರನ ವಂಶವನ್ನು ಬಾಂಡನಲ್ಲಿ ಮಾತ್ರ ಹುಡುಕುವುದು ಅರ್ಧದೃಷ್ಟಿಯೆಂದು ನನ್ನ ಮತ. 1954ರಲ್ಲಿ ಎಚ್. ಎಲ್. ಎನ್. ಸಿಂಹರು ನಿರ್ದೇಶಿಸಿದ 'ಬೇಡರ ಕಣ್ಣಪ್ಪ'ದಲ್ಲಿ 999ರ ಪಾತ್ರಧಾರಿಯಾದ ರಾಜಕುಮಾರರು ಮೊತ್ತಮೊದಲು ನಾಯಕರಾಗಿ ಕಾಣಿಸಿಕೊಂಡುದು ಬಿಲ್ಲು ಹಿಡಿದ ಬೇಟೆಗಾರನಾಗಿಯೇ. ಆ ಚಿತ್ರವಾದರೋ ಇದೇ ತುಮಕೂರು ಜಿಲ್ಲೆಯ ಗುಬ್ಬಿ ವೀರಣ್ಣನವರ ನಾಟಕ ಪರಂಪರೆಯಿಂದ ಹೊಮ್ಮಿದುದು. ಅದರಲ್ಲಿಯೇ ಪ್ರಸಿದ್ಧಿಗೆ ಬಂದ ತಿಪಟೂರಿನ ನರಸಿಂಹರಾಜು, ಹದಿನಾಲ್ಕು ವರ್ಷಗಳ ತರುವಾಯ 999ರ ಪಕ್ಕದಲ್ಲಿಯೂ ಇದ್ದರು. ಕಂಪನಿ ನಾಟಕದಲ್ಲಿ ಬೀದಿಯ ಪರದೆಯ ಮುಂದೆ ಹಾಸ್ಯಗಾರನು ಜನರನ್ನು ನಗಿಸುತ್ತಿರಲು, ಹಿಂದೆ ಅರಮನೆ ಕಾಡಾಗುತ್ತಿತ್ತು. ಸಮಯವೂ ಹಣವೂ ಉಳಿಯುತ್ತಿದ್ದುವು. ಆ ಮಿತವ್ಯಯದ ಕಲೆಯೇ ಪತ್ತೇದಾರಿ ಚಿತ್ರಗಳಿಗೂ ಇಳಿದು ಬಂದಿತು: ನರಸಿಂಹರಾಜುವಿನ ಸಣಕಲು ಮೈಯ ಗಾಬರಿಯಿಲ್ಲದಿದ್ದರೆ ನಾಯಕನ ಸ್ಥೈರ್ಯಕ್ಕೆ ಅಷ್ಟು ಹೊಳಪೆಲ್ಲಿಂದ ಬರಬೇಕು!

ತೆಂಗಿನ ಸೀಮೆಯ ಜನ ಇಂಥ ಚಿತ್ರಗಳನ್ನು ಕಂಡುದು ಬಹುಮಟ್ಟಿಗೆ ಟೂರಿಂಗ್ ಟಾಕೀಸಿನ ಡೇರೆಗಳಲ್ಲಿ. ಕತ್ತಲಾದ ಮೇಲೆಯೇ ಆಟ. ನೆಲದ ಟಿಕೆಟ್ಟಿನವರು ಪರದೆಯ ಬುಡದಲ್ಲಿ. ಯಂತ್ರ ಒಂದೇ ಆದುದರಿಂದ ರೀಲು ಮುಗಿದಾಗಲೆಲ್ಲ ವಿರಾಮ. ಎತ್ತಿದ ಪಿಸ್ತೂಲಿನ ಮುಂದೆಯೇ ರೀಲು ಮುಗಿದರೆ, ಆ ನಿರೀಕ್ಷೆಯ ಸುಖವನ್ನು ಯಾವ ಸಂಪತ್ತಿನ ಚಿತ್ರವೂ ಕೊಡಲಾರದೆಂದು ನಾನು ನಂಬಿದ್ದೇನೆ.

ಕೌಬಾಯಿಯ ಟೋಪಿಯನ್ನು ಹೆಸರಿನಲ್ಲಿಯೇ ಧರಿಸಿ ಬಂದುದು ದ್ವಾರಕೀಶರ 'ಕೌಬಾಯ್ ಕುಳ್ಳ', 1973ರಲ್ಲಿ. ರಾಮನಗರದ ಬಂಡೆಗಳ ನಡುವೆ ಚಿತ್ರಿತವಾದ ಹಿಂದಿಯ 'ಶೋಲೆ' 1975ರಲ್ಲಿ ಕುದುರೆ, ಬಂದೂಕು, ಡಕಾಯಿತರನ್ನೆಲ್ಲ ಮೆರೆಸಿತು. 1978ರ 'ಆಪರೇಷನ್ ಡೈಮಂಡ್ ರಾಕೆಟ್'ನಲ್ಲಿ 999 ಮರಳಿ ಬಂದಾಗ ಬಣ್ಣವಿತ್ತು, ನೇಪಾಳದ ದೃಶ್ಯವೈಭವವಿತ್ತು. ಕಪ್ಪು–ಬಿಳುಪಿನ ಮೂರು ಚಿತ್ರಗಳ ಬಿಗಿಯನ್ನು ಅದು ಮೀರಿತೆಂದು ಹೇಳಲು ಮಾತ್ರ ನನ್ನ ಮನಸ್ಸು ಒಪ್ಪದು.