ಅನುವಾದದ ಕೊನೆಯ ಪುಟಗಳು

ಶಾಸ್ತ್ರಗ್ರಂಥಗಳ ಅನುವಾದ ಕಮ್ಮಟಗಳಲ್ಲಿ ಈಚೆಗೆ ಒಂದು ಮಾತು ಚಾಲ್ತಿಗೆ ಬಂದಿದೆ: ಗ್ರಂಥಸೂಚಿಗೆ ತಲೆ ಕೆಡಿಸಿಕೊಳ್ಳಬೇಡಿ, ತಂತ್ರಾಂಶ ನೋಡಿಕೊಳ್ಳುತ್ತದೆ. ಕೆಲವು ಪ್ರಕಾಶಕರಂತೂ ಆ ಪುಟಗಳನ್ನೇ ಕಿತ್ತುಹಾಕುತ್ತಾರೆ. ಕಾಗದದ ಬೆಲೆ ಒಂದು ನೆಪ. ಆ ಪುಟಗಳಿಗೂ ಕನ್ನಡದಲ್ಲಿ ಒಂದು ಚರಿತ್ರೆಯಿದೆ ಎಂದು ಯಾರಾದರೂ ಹೇಳಬೇಕಾಗಿದೆ.

ಆಕರ ಹೇಳುವ ಶಿಸ್ತು ನಮ್ಮಲ್ಲಿ ಬಹಳ ಹಳೆಯದೇನಲ್ಲ. ಕೇಶಿರಾಜ ತಾನು ಪ್ರಮಾಣವೆಂದು ಒಪ್ಪಿದ ಕವಿಗಳನ್ನು ‘ಶಬ್ದಮಣಿದರ್ಪಣ’ದ ಆರಂಭದಲ್ಲೇ ಹೆಸರಿಸುತ್ತಾನೆ, ಒಳಗಿನ ಉದಾಹರಣೆ ಯಾರದೆಂದು ಹೇಳುವ ಗೋಜಿಗೆ ಹೋಗುವುದಿಲ್ಲ. ‘ಸೂಕ್ತಿಸುಧಾರ್ಣವ’ದ ಮಲ್ಲಿಕಾರ್ಜುನನೂ ಅಷ್ಟೇ. ಮೈಸೂರು ವಿಶ್ವವಿದ್ಯಾಲಯದ ಪ್ರಚಾರೋಪನ್ಯಾಸದ ಕಿರುಹೊತ್ತಗೆಗಳು ಸಾಮಾನ್ಯ ಓದುಗರಿಗೆಂದೇ ಬಂದವು. ಅವುಗಳಲ್ಲಿ ಅಡಿಟಿಪ್ಪಣಿ ಹುಡುಕುವುದು ತಪ್ಪು.

ನಿಜವಾದ ತಿರುವು 1960ರ ದಶಕದ್ದು. ಡಿ.ಎಲ್. ನರಸಿಂಹಾಚಾರ್ಯರ ‘ಕನ್ನಡ ಗ್ರಂಥಸಂಪಾದನೆ’ 1964ರಲ್ಲಿ, ಎಂ. ಚಿದಾನಂದಮೂರ್ತಿಯವರ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’ 1966ರಲ್ಲಿ ಬಂದವು. ಎರಡೂ ಅನುವಾದಗಳಲ್ಲ, ನಿಜ. ಆದರೆ ನಮ್ಮ ತಲೆಮಾರಿನ ಅನುವಾದಕರು ಉಲ್ಲೇಖದ ಪಾಠ ಕಲಿತದ್ದು ಇಂಥ ಪುಸ್ತಕಗಳಿಂದ. ಅನುವಾದ ಸಿದ್ಧಾಂತದ ಪುಸ್ತಕಗಳಿಂದಲ್ಲ. ಆ ದಶಕದ ಕೊನೆಗೆ ಕೇಂದ್ರದ ನೆರವಿನಿಂದ ಪದವಿ ತರಗತಿಗಳಿಗೆ ಕನ್ನಡ ಪಠ್ಯಗಳು ಹೊರಬರತೊಡಗಿದವು. ಅಂಥ ಪಠ್ಯಗಳ ಕೊನೆಯ ಆಕರಪಟ್ಟಿಯಲ್ಲಿ ಇಂಗ್ಲಿಷ್ ಶೀರ್ಷಿಕೆಗಳು ಕನ್ನಡ ಲಿಪಿಯಲ್ಲಿದ್ದರೆ, ಅದನ್ನು ಹಿಡಿದು ಗ್ರಂಥಾಲಯಕ್ಕೆ ಹೋದ ವಿದ್ಯಾರ್ಥಿ ಬರಿಗೈಯಲ್ಲಿ ಬರಬೇಕಿತ್ತು.

ನಮ್ಮ ಕಾಲದ ಮೊದಲ ತಲೆನೋವು ಹೆಸರುಗಳದು. ಪಶ್ಚಿಮದ ಶೈಲಿಕೈಪಿಡಿಗಳು ಕುಲನಾಮ ಮೊದಲು ಎನ್ನುತ್ತವೆ. ಎಂ.ಎಂ. ಕಲಬುರ್ಗಿ, ದ.ರಾ. ಬೇಂದ್ರೆ ಈ ಅಚ್ಚಿಗೆ ಸಲೀಸಾಗಿ ಕೂರುತ್ತಾರೆ. ಹಳೆ ಮೈಸೂರಿನವರು ಕೂರುವುದಿಲ್ಲ. ಕೆ.ವಿ. ಪುಟ್ಟಪ್ಪ ಎಂಬಲ್ಲಿ ಕುಪ್ಪಳಿ ಊರು, ವೆಂಕಟಪ್ಪ ತಂದೆ, ಕುಲನಾಮವೇ ಇಲ್ಲ. ಉಡುಪಿ ರಾಜಗೋಪಾಲಾಚಾರ್ಯ ಅನಂತಮೂರ್ತಿಯವರ ಹೆಸರನ್ನು ರೋಮನ್ ಲಿಪಿಯಲ್ಲಿ ಬಿಡಿಸಿ ಬರೆದರೆ ತಂತ್ರಾಂಶ ಅವರನ್ನು ‘ಮೂರ್ತಿ’ ಮಾಡಿ ಬೇರೆ ಅಕ್ಷರದಡಿ ಒಗೆಯುತ್ತದೆ. ಶಿಯಾಳಿ ರಾಮಾಮೃತ ರಂಗನಾಥನ್ ಅವರದೂ ಇದೇ ಬಗೆಯ ಹೆಸರು. ಅವರು 1934ರ ತಮ್ಮ ಸೂಚೀಕರಣ ಸಂಹಿತೆಯಲ್ಲಿ ಭಾರತೀಯ ಹೆಸರುಗಳಿಗೆ ನಿಯಮ ಹುಡುಕಿದ್ದರು. 1962ರಲ್ಲಿ ಬೆಂಗಳೂರಿನಲ್ಲೇ ಪ್ರಲೇಖನ ತರಬೇತಿ ಕೇಂದ್ರವನ್ನೂ ಕಟ್ಟಿದರು. ಊರಲ್ಲೇ ಇದ್ದ ಆ ವಿದ್ಯೆಯನ್ನು ನಮ್ಮ ಪ್ರಕಾಶನ ಲೋಕ ತಿರುಗಿ ನೋಡಲಿಲ್ಲ.

ಎರಡನೆಯದು ಇನ್ನೂ ಸೂಕ್ಷ್ಮ: ಕನ್ನಡದ ಆಕರ ಇಂಗ್ಲಿಷಿಗೆ ಹೋಗಿ ಮರಳಿ ಕನ್ನಡಕ್ಕೆ ಬರುವಾಗಿನ ಪಾಡು. ಎ.ಕೆ. ರಾಮಾನುಜನ್ 1973ರ ‘ಸ್ಪೀಕಿಂಗ್ ಆಫ್ ಶಿವ’ದಲ್ಲಿ ಬಸವಣ್ಣನ ವಚನಗಳಿಗೆ ಕೊಟ್ಟದ್ದು ಬಸವನಾಳರ ಆವೃತ್ತಿಯ ಕ್ರಮಸಂಖ್ಯೆ. ಅವರನ್ನು ಉದ್ಧರಿಸುವ ಪ್ರಬಂಧವನ್ನು ಕನ್ನಡಿಸುವಾಗ ಆ ಸಂಖ್ಯೆ ಹಿಡಿದು ಸಮಗ್ರ ವಚನ ಸಂಪುಟ ತೆರೆದರೆ ಬೇರೆಯೇ ವಚನ ಸಿಗಬಹುದು. ಮೂಲ ಹುಡುಕದೆ ಇಂಗ್ಲಿಷನ್ನೇ ಮತ್ತೆ ಕನ್ನಡಿಸಿದರೆ ಬಸವಣ್ಣನ ಬಾಯಲ್ಲಿ ಅನುವಾದಕನ ಗದ್ಯ ಬರುತ್ತದೆ. ಶಾಸನಗಳದೂ ಇದೇ ಕಥೆ. ಬಿ.ಎಲ್. ರೈಸ್ ಅವರ ‘ಎಪಿಗ್ರಾಫಿಯ ಕರ್ನಾಟಿಕ’ದ ಐದನೆಯ ಸಂಪುಟದಲ್ಲಿದ್ದ ಬೇಲೂರು ತಾಲ್ಲೂಕು, 1972ರಿಂದ ಬರತೊಡಗಿದ ಮೈಸೂರು ವಿಶ್ವವಿದ್ಯಾಲಯದ ಪರಿಷ್ಕೃತ ಆವೃತ್ತಿಯಲ್ಲಿ ಒಂಬತ್ತನೆಯ ಸಂಪುಟಕ್ಕೆ ಹೋಗಿದೆ. ಆವೃತ್ತಿ ಯಾವುದೆಂದು ಬರೆಯದೆ ಸಂಪುಟದ ಅಂಕಿಯನ್ನಷ್ಟೇ ಇಳಿಸಿದರೆ ಓದುಗ ಬೇಲೂರು ಹುಡುಕುತ್ತ ಬೇರೆ ಜಿಲ್ಲೆಗೆ ಹೋದಾನು. ಗ್ರಂಥಸಂಪಾದನೆಯಲ್ಲಿ ಪಳಗಿದವರು ಅನುವಾದಕ್ಕೆ ಕೈಹಾಕಿದಾಗ ಇಂಥ ಕಡೆ ಎರಡೂ ಆವೃತ್ತಿಗಳ ಸಂಖ್ಯೆಗಳನ್ನು ಕೊಡುವ ರೂಢಿ ಹಾಕಿದರು. ನನ್ನ ಮಟ್ಟಿಗೆ ಕನ್ನಡದ ವಿದ್ವತ್ ಅನುವಾದದ ಒಳ್ಳೆಯ ಪರಂಪರೆ ಅದೇ.

1990ರ ದಶಕದ ಡಿಟಿಪಿ ಅದನ್ನು ಹಾಳುಮಾಡಿತು. ಯೂನಿಕೋಡ್ ಬಳಕೆಗೆ ಬರುವ ಮುನ್ನಿನ ಫಾಂಟುಗಳಲ್ಲಿ ಕನ್ನಡದ ನಡುವೆ ರೋಮನ್ ಅಕ್ಷರ ಬೇಕಾದಾಗಲೆಲ್ಲ ಫಾಂಟ್ ಬದಲಿಸಬೇಕು. ಮರೆತರೆ ಸಾಲಿಗೆ ಸಾಲೇ ಅರ್ಥವಿಲ್ಲದ ಗುರುತುಗಳು. ಬೇಸತ್ತ ಡಿಟಿಪಿಯವರು ಎಲ್ಲವನ್ನೂ ಕನ್ನಡ ಲಿಪಿಗೆ ತಂದರು. ಅನುಕೂಲಕ್ಕೆ ಹುಟ್ಟಿದ ಪದ್ಧತಿ ಮುಂದೆ ಭಾಷಾಭಿಮಾನದ ಹೆಸರಲ್ಲಿ ತತ್ತ್ವವಾಯಿತು. ಅಷ್ಟರಲ್ಲಿ ಸಮಾಜವಿಜ್ಞಾನದ ಅನುವಾದಗಳೊಂದಿಗೆ ಲೇಖಕ–ವರ್ಷ ಪದ್ಧತಿಯೂ ಬಂತು. ಪಠ್ಯದಲ್ಲಿ ‘ಬೂರ್ದ್ಯು 1984’, ಪಟ್ಟಿಯಲ್ಲಿ ‘ಬೌರ್ಡಿಯು’, ಪಟ್ಟಿಯ ಕ್ರಮವೋ ಇನ್ನೂ ಇಂಗ್ಲಿಷ್ ಅಕ್ಷರಮಾಲೆಯದು! ಫ್ರೆಂಚ್ ಹೆಸರಿನ ಮೂಲ ಕಾಗುಣಿತವನ್ನು ಕನ್ನಡ ಉಚ್ಚಾರಣೆಯಿಂದ ಊಹಿಸುವುದು ಪಂಡಿತರಿಗೂ ಆಗದ ಕೆಲಸ. ಪಟ್ಟಿಯನ್ನು ಮೂಲಲಿಪಿಯಲ್ಲೇ ಉಳಿಸಿ, ಪ್ರತಿ ನಮೂದಿನ ಮುಂದೆ ಹೆಸರಿನ ಕನ್ನಡ ರೂಪ ಕೊಟ್ಟು, ಆ ಕೃತಿ ಕನ್ನಡಕ್ಕೆ ಬಂದಿದ್ದರೆ ಅದನ್ನೂ ಸೇರಿಸುವುದು ವಿವೇಕದ ದಾರಿ. ಸಂಕ್ಷೇಪಗಳ ಗೊಂದಲ ಬೇರೆ: ‘ಸಂ.’ ಎಂದರೆ ಸಂಪಾದಕರೋ, ಸಂಪುಟವೋ, ಸಂಚಿಕೆಯೋ?

2006ರಲ್ಲಿ ಬಂದ ಜೊಟೆರೊದಂಥ ಸಾಧನಗಳು ಅಲ್ಪವಿರಾಮಗಳನ್ನು ಜೋಡಿಸುತ್ತವೆ, ಬೇಡವೆನ್ನಲಾರೆ. ವಚನದ ಮೂಲ ಹುಡುಕಿಕೊಡುವುದು ಮಾತ್ರ ಅವುಗಳಿಂದಾಗದು.

ಇಷ್ಟಾದರೂ ಪ್ರಕಾಶಕರೆಲ್ಲ ಒಪ್ಪಿ ಬಳಸುವ ಶೈಲಿಕೈಪಿಡಿ ಕನ್ನಡಕ್ಕೆ ಇಲ್ಲ. ಕನ್ನಡಕ್ಕೆ ಬಂದ ವಿದ್ವತ್ ಕೃತಿಗಳ ವಿಷಯವಾರು ಪಟ್ಟಿ ಬೇಕು. ಅದಿಲ್ಲದೆ, ಈಗಾಗಲೇ ಕನ್ನಡದಲ್ಲಿರುವ ಭಾಗವನ್ನೇ ಮತ್ತೊಬ್ಬರು ಹೊಸದಾಗಿ ಅನುವಾದಿಸುತ್ತಿರುತ್ತಾರೆ. ವಿಮರ್ಶೆಗಳಲ್ಲಿ ಗ್ರಂಥಸೂಚಿಯ ಪ್ರಸ್ತಾಪ ಅಪರೂಪ. ಸಂಭಾವನೆಯನ್ನು ಪದಗಳ ಲೆಕ್ಕದಲ್ಲಿ ಕೊಡುವ ಕಡೆ ಗ್ರಂಥಸೂಚಿಯ ಪುಟಗಳನ್ನು ‘ಅನುವಾದವಲ್ಲ’ ಎಂದು ಆ ಲೆಕ್ಕದಿಂದ ಬಿಟ್ಟದ್ದನ್ನೂ ಕಂಡಿದ್ದೇನೆ. ಒಂದು ಶಾಸನದ ಎರಡು ಸಂಖ್ಯೆಗಳನ್ನು ಹೊಂದಿಸಲು ಅರ್ಧ ದಿನ ಗ್ರಂಥಾಲಯದಲ್ಲಿ ಕೂತವರಿಗೆ ಆ ಸಾಲಿನ ಬಾಬತ್ತು ಸಿಗುವುದು ಸೊನ್ನೆ.